ಹದಿನೇಳನೆಯ ಸಾಲು ಜಪಾನಿಗೆ ಹೋದದ್ದು

ಎಲೆಯ ನಡುನರದ ಎಡಕ್ಕೆ, ಎರಡನೆಯ ಕವಲಿನ ಪಕ್ಕದಲ್ಲಿ, ಗಸಗಸೆ ಕಾಳು ತೂರುವಷ್ಟು ಒಂದು ತೂತು ಇತ್ತು. ಇಡೀ ಗಿಡದಲ್ಲಿ ಅದೊಂದೇ. ಆ ಗಿಡವಿದ್ದ ಸಾಲಿನ ಹಿಂದೆ ಮುಂದೆ ಇದ್ದ ಸಾಲುಗಳಲ್ಲಿ ಎಲೆ ಎನ್ನುವುದೇ ಉಳಿದಿರಲಿಲ್ಲ. ನರಗಳ ಬಲೆ ಮಾತ್ರ ಗಾಳಿಗೆ ಅಲುಗುತ್ತಿತ್ತು.

ಅದು ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ ಕಡೆ, ನಾಲೆಯ ಪಕ್ಕದಲ್ಲಿ ನನ್ನ ಸೋದರಮಾವ ಬಿಟ್ಟುಕೊಟ್ಟಿದ್ದ ಎರಡು ಗುಂಟೆ ಜಮೀನು. ನಾಲ್ಕು ವರ್ಷದ ಹಿಂದೆ, ಸಂಶೋಧನೆಗೆ ಸೇರಿದ ಹೊಸತರಲ್ಲಿ, ನಾನು ಅಲ್ಲಿ ಇಪ್ಪತ್ತನಾಲ್ಕು ಬಗೆಯ ಸೋಯಾ ಅವರೆಯನ್ನು ಬಗೆಗೊಂದು ಸಾಲಿನಂತೆ ಬಿತ್ತಿದ್ದೆ. ಔಷಧಿ ಹೊಡೆಯಬಾರದೆಂದು ಮಾವನಿಗೆ ಹೇಳಿದ್ದೆ. ಎಲೆ ತಿನ್ನುವ ಹುಳುವನ್ನು ಯಾವ ತಳಿ ತಾನಾಗಿಯೇ ತಡೆದುಕೊಳ್ಳುತ್ತದೆ ಎಂದು ನೋಡುವುದು ನನ್ನ ಕೆಲಸ.

ಮಾವ ದಿನಕ್ಕೊಂದು ಸಲ ಬದುವಿನ ಮೇಲೆ ನಿಂತು, “ಏನವ್ವಾ, ಉಳ ಸಾಕಕ್ಕೆ ಜಮೀನ್ ಇಸ್ಕಂಡಿದ್ದೀಯಾ? ಹಾಲ್ ಕೊಡ್ತವಾ?” ಎಂದು ಕೇಳಿ ಹೋಗುತ್ತಿದ್ದರು. ಒಂದು ದಿನ ಅವರೇ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು.

“ಬಾ ಇಲ್ಲಿ. ಈ ಸಾಲ್ನ ಉಳ ಮೂಸೂ ನೋಡ್ನಿಲ್ಲ ಕಣವ್ವ.”

ಎಣಿಸಿದೆ. ಹದಿನೇಳನೆಯ ಸಾಲು.

ಅದಾದ ಮೇಲೆ ಮೂರು ವರ್ಷ ಅದೇ ಸಾಲಿನ ಬೀಜವನ್ನು ಬಿತ್ತಿದೆ, ಅದರ ಎಲೆಯನ್ನೇ ಹುಳುವಿಗೆ ಒಡ್ಡಿದೆ. ಪ್ರತಿ ಸಲವೂ ಅದು ಗೆದ್ದಿತು. ಆದರೆ ನಮ್ಮ ಮನೆಯ ಹಿತ್ತಲಲ್ಲಿ ಗೆದ್ದರೆ ಸಾಲದು, ಬೇರೆಯವರ ಕೈಯಲ್ಲೂ ಗೆಲ್ಲಬೇಕು. ಕಾಗದಪತ್ರ ಮಾಡಿಸಿ, ಇದೇ ಹುಳುವನ್ನು ಸಾಕಿ ಪರೀಕ್ಷೆ ಮಾಡುವ ಜಪಾನಿನ ಒಂದು ಪುಟ್ಟ ಕೇಂದ್ರಕ್ಕೆ ಬೀಜ ಕಳಿಸಿದೆವು. ಅವರು ಬೆಳೆಸಿ, ಪರೀಕ್ಷಿಸಿ, ಒಂದು ಸಾಲಿನ ಉತ್ತರ ಬರೆದರು: ‘ಸಾಮಾನ್ಯ ತಳಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ.’

ನನ್ನ ಮಾರ್ಗದರ್ಶಕಿ ಆ ಹಾಳೆಯನ್ನು ಎರಡು ಸಲ ಓದಿದರು. “ನೀನೇ ಹೋಗು. ನಿನ್ನ ಕಣ್ಣೆದುರಿಗೆ ಮಾಡಿಸು. ಆಗಲೂ ಹುಳು ತಿಂದರೆ ಹದಿನೇಳನ್ನು ಬಿಟ್ಟುಬಿಡೋಣ. ಬೇರೆ ವಿಷಯ ತಗೋ,” ಎಂದರು. ಮೂರು ವಾರದ ಅವಕಾಶ ಸಿಕ್ಕಿತು. ನಾನು ಜಪಾನಿಗೆ ಹೋಗುತ್ತಿರುವುದಕ್ಕೆ ಎಲ್ಲರೂ ಅಭಿನಂದಿಸಿದರು. ನಾಲ್ಕು ವರ್ಷದ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ನೋಡಲು ಹೋಗುತ್ತಿದ್ದೇನೆ ಎಂದು ನಾನು ಯಾರಿಗೂ ಹೇಳಲಿಲ್ಲ.

ಶ್ರೀರಂಗಪಟ್ಟಣ: ಹೊರಡುವ ದಿನ

ನನ್ನ ಬಾಡಿಗೆ ಕೋಣೆ ಶ್ರೀರಂಗಪಟ್ಟಣದಲ್ಲಿ. ಅವ್ವ ದೇವಲಾಪುರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕೈಚೀಲದಲ್ಲಿ ಹುರಿಹಿಟ್ಟು, ಜೊತೆಗೆ ಪಾಂಡವಪುರದ ಆಲೆಮನೆಯಿಂದ ತರಿಸಿದ ನಾಲ್ಕು ಅಚ್ಚು ಬೆಲ್ಲ.

“ಅಲ್ಲಿ ಸಕ್ಕರೆ ಸಿಗುತ್ತವ್ವ,” ಎಂದೆ.

“ಸಿಕ್ಲಿ. ಯಾರ್ ಮನೆಗೂ ಬರಿಗೈಲಿ ಓಗ್ಬಾರ್ದು. ನೀ ಅಲ್ಲಿ ಉಳ್ಕಳಾದು ಬಾಡಿಗೆ ಮನೆ ಆದ್ರೂ ಅದೂ ಮನೇನೆ ತಾನೆ?”

ವಿಮಾನ ನಿಲ್ದಾಣಕ್ಕೆ ಕಾರು ತಂದಿದ್ದ ಜಮೀಲಣ್ಣ ನಮ್ಮ ಬೀದಿಯವರು. ಪೆಟ್ಟಿಗೆ ಎತ್ತಿಡುತ್ತಾ, ಯಾತಕ್ಕೆ ಹೋಗುತ್ತಿದ್ದೀರಿ ಎಂದು ಕೇಳಿದರು. ಹುಳು ಎಲೆ ತಿನ್ನುತ್ತದೋ ಇಲ್ಲವೋ ನೋಡಲು ಎಂದೆ.

“ಯಾ ಅಲ್ಲಾ! ಅಷ್ಟಕ್ಕೇನಾ ಬೆಹೆನ್? ನಮ್ಮನೆ ಹಿಂದೆ ನುಗ್ಗೆ ಮರಕ್ಕೆ ಬನ್ನಿ, ಫಸ್ಟ್ ಕ್ಲಾಸಾಗಿ ತೋರಿಸ್ತೀನಿ. ಪಾಸ್‌ಪೋರ್ಟೂ ಬೇಡ.”

ಅವ್ವ ನಗಲಿಲ್ಲ. ಕಾರಿನ ಕಿಟಕಿಯಲ್ಲಿ ಕೈ ಹಾಕಿ ನನ್ನ ಮೊಣಕೈ ಹಿಡಿದು, “ತಿನ್ನಾಕಿಲ್ಲ ಬುಡು ಮಗ,” ಎಂದಳು. ನನ್ನ ಭಯವನ್ನು ನಾನು ಹೇಳಿರಲಿಲ್ಲ. ಆದರೂ ಅವಳಿಗೆ ಗೊತ್ತಿತ್ತು.

ತೊಮೊಕೊ ಅವರ ಮನೆ: ಮೊದಲ ದಿನಗಳು

ಕ್ಯೂಶೂ ದ್ವೀಪದ ಆ ಊರು ನಮ್ಮ ಹೋಬಳಿ ಕೇಂದ್ರದಷ್ಟಿದೆ. ಸುತ್ತ ಭತ್ತದ ಗದ್ದೆ, ದೂರದಲ್ಲಿ ಗುಡ್ಡ. ನಾನು ಉಳಿದುಕೊಂಡದ್ದು ತೊಮೊಕೊ ಎಂಬುವವರ ಮನೆಯ ಮೇಲಂತಸ್ತಿನಲ್ಲಿ. ಎಪ್ಪತ್ತು ದಾಟಿದ, ಚುರುಕಾದ ಹೆಂಗಸು. ನಮ್ಮಿಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ. ಅವರ ಮೊಬೈಲು ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಗಂಭೀರವಾದ ಗಂಡಸಿನ ದನಿಯಲ್ಲಿ ಓದುತ್ತಿತ್ತು. ಸೌತೆಕಾಯಿ ಬೇಕೇ ಎಂದು ಅವರು ನಗುತ್ತಾ ಕೇಳಿದ್ದು, ಮೊಬೈಲಿನಿಂದ ನ್ಯಾಯಾಧೀಶರ ಪ್ರಶ್ನೆಯಂತೆ ಹೊರಬರುತ್ತಿತ್ತು.

ಮೊದಲ ಎರಡು ದಿನದಲ್ಲೇ ನನ್ನ ಗಮನಕ್ಕೆ ಬಂದದ್ದು, ಅಲ್ಲಿಯವರು ತೊಳೆಯುವ ರೀತಿ. ಸ್ನಾನದ ತೊಟ್ಟಿಗೆ ಇಳಿಯುವ ಮೊದಲೇ ಮೈಯನ್ನು ಪೂರ್ತಿ ತೊಳೆದುಕೊಳ್ಳಬೇಕು, ತೊಟ್ಟಿ ಬರೀ ಬೆಚ್ಚಗೆ ಕೂರುವುದಕ್ಕೆ. ಗುದ್ದಲಿಯನ್ನು ತೊಳೆದು, ಒರೆಸಿ, ಗೋಡೆಗೆ ನೇತುಹಾಕುತ್ತಾರೆ. ಟ್ರಾಕ್ಟರು ಗದ್ದೆಯಿಂದ ರಸ್ತೆಗೆ ಹತ್ತುವ ಮೊದಲು ಅದರ ಚಕ್ರದ ಕೆಸರನ್ನು ತೊಳೆಯುತ್ತಾರೆ. ನಮ್ಮ ಮಾವನ ಟ್ರಾಕ್ಟರು ವರ್ಷಕ್ಕೊಂದು ಸಲ, ಆಯುಧಪೂಜೆಗೆ, ನೀರು ಕಾಣುತ್ತದೆ.

ಬೆಲ್ಲವನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರೂ ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸುವಷ್ಟು ಬಾಗಿ, ಒಂದು ಪೊಟ್ಟಣ ಬಿಚ್ಚಿದರು. ಅಚ್ಚಿನ ಮೇಲೆ ಒಂದು ಎಳೆ ಕಬ್ಬಿನ ಸಿಪ್ಪೆ ಅಂಟಿತ್ತು. ಅವರು ಅದನ್ನು ನೋಡಿದರು. ನೇರ ನಲ್ಲಿಯ ಕೆಳಗೆ ಹಿಡಿದು, ಮೆತ್ತನೆ ಬ್ರಷ್ಷಿನಿಂದ ಉಜ್ಜತೊಡಗಿದರು.

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಬಂದ ಮೊದಲ ದಿನವೇ, ವಯಸ್ಸಾದವರಿಗೆ, ಅವರದೇ ಅಡುಗೆಮನೆಯಲ್ಲಿ, ಹೇಗೆ ಹೇಳುವುದು? ಕಂದು ನೀರು ಹರಿಯಿತು. ಅಚ್ಚು ಅರ್ಧವಾಯಿತು. ಅವರು ಸೋಪಿನಂತೆ ಜಾರುವ ಆ ತುಂಡನ್ನು ಮೆಚ್ಚುಗೆಯಿಂದ ತಿರುಗಿಸಿ ನೋಡಿ, ಬಿಳಿಯ ತಟ್ಟೆಯ ಮೇಲಿಟ್ಟು, ನನಗೆ ಮತ್ತೊಮ್ಮೆ ಬಾಗಿದರು. ನಾನೂ ಬಾಗಿದೆ.

ಗದ್ದೆಯ ಬದು

ತೊಮೊಕೊ ಅವರ ಗದ್ದೆಯ ಬದುವಿನ ಮೇಲೆ ಸೋಯಾ ಗಿಡಗಳು ಒಂದೇ ಸಾಲಾಗಿ ನಿಂತಿದ್ದವು. ಭತ್ತ ಗದ್ದೆಗೆ, ಕಾಳು ಬದುವಿಗೆ: ಅಲ್ಲಿನ ಹಳೆಯ ಪದ್ಧತಿಯಂತೆ. ನೋಡಿ ನನಗೆ ಮನೆಯ ನೆನಪಾಯಿತು. ನಮ್ಮ ದೇವಲಾಪುರದ ಕಡೆ ಒಣಭೂಮಿ. ರಾಗಿ ಬಿತ್ತುವಾಗ ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ ಹಾಕುತ್ತೇವೆ. ಅದಕ್ಕೆ ಅಕ್ಕಡಿ ಎನ್ನುತ್ತೇವೆ. ರಾಗಿ ಮುದ್ದೆಗೆ, ಅಕ್ಕಡಿ ಸಾರಿಗೆ. ಇಲ್ಲಿಯೂ ಅದೇ ಲೆಕ್ಕ.

ನಾನು ಬದುವಿನ ಗಿಡದ ಒಂದು ಕಾಯಿಯನ್ನು ಬೆರಳಲ್ಲಿ ಉಜ್ಜಿ ಮೂಸಿದೆ. ಇದು ನಮ್ಮವರ ಅಭ್ಯಾಸ, ನಾಗಮಂಗಲದ ಸಂತೆಯಲ್ಲಿ ಅವರೆಕಾಯಿ ಕೊಳ್ಳುವ ಯಾವ ಹೆಂಗಸೂ ಉಜ್ಜಿ ಮೂಸದೆ ಕೊಳ್ಳುವುದಿಲ್ಲ. ಅವರೆಕಾಯಿಯ ಮೇಲಿನ ಸಣ್ಣ ರೋಮಗಳ ನಡುವೆ ಎಣ್ಣೆಯಂಥ ಜಿಗುಟು ಇರುತ್ತದೆ. ಬೆರಳಿಗೆ ಅಂಟುವ ಅದರ ವಾಸನೆಯೇ ಸೊಗಡು. ಸೊಗಡು ಇಲ್ಲದ ಅವರೆ, ಅವ್ವನ ಮಾತಿನಲ್ಲಿ, ‘ಬರೀ ಕಾಳು’.

ತೊಮೊಕೊ ನನ್ನನ್ನೇ ನೋಡುತ್ತಿದ್ದರು. ಅವರೂ ಒಂದು ಕಾಯಿ ಉಜ್ಜಿದರು, ಮೂಸಿದರು, ಹುಬ್ಬೇರಿಸಿದರು. ಮೊಬೈಲಿನ ನ್ಯಾಯಾಧೀಶರು ಹೇಳಿದರು: “ಐವತ್ತು ವರ್ಷ ಬೆಳೆದಿದ್ದೇನೆ. ಇದನ್ನು ಈಗ ತಿಳಿದೆ.”

ಆ ವಾರ ಅಲ್ಲಿ ಹಿರಿಯರನ್ನು ನೆನೆಯುವ ದಿನಗಳು. ನನ್ನನ್ನೂ ಕರೆದುಕೊಂಡು ಹೋದರು. ಬಕೆಟ್ಟು, ಸೌಟಿನಂಥ ಮರದ ಪಾತ್ರೆ, ಬ್ರಷ್ಷು. ಗಂಡನ ಸಮಾಧಿಯ ಕಲ್ಲನ್ನು ಮೇಲಿನಿಂದ ಕೆಳಗೆ ತೊಳೆದರು, ಹೆಸರು ಕೊರೆದ ಅಕ್ಷರದ ಗುಳಿಗಳನ್ನು ಬೆರಳಿಂದ ಉಜ್ಜಿದರು. ಬೆನ್ನು ತಿಕ್ಕುವ ಹಾಗೆ. ಅದೇ ದಿನಗಳಲ್ಲಿ ನಮ್ಮ ಮನೆಯಲ್ಲೂ ಮಾರ್ನಮಿಯ ಎಡೆ ಇಡುವ ಸಡಗರ. ನಾವು ಹಿರಿಯರಿಗೆ ಬಡಿಸುತ್ತೇವೆ, ಇವರು ಹಿರಿಯರನ್ನು ಮೀಯಿಸುತ್ತಾರೆ. ಆ ಕೈಗಳನ್ನು ನೋಡಿದ ಮೇಲೆ ಬೆಲ್ಲದ ಬಗ್ಗೆ ನನಗಿದ್ದ ಬೇಸರ ಹೋಯಿತು. ತೊಳೆಯುವುದು ಇವರ ಪ್ರೀತಿಯ ರೀತಿ.

ಕೇಂದ್ರ: ಮೊದಲ ಪರೀಕ್ಷೆ

ಕೇಂದ್ರದಲ್ಲಿ ನನ್ನ ಜೊತೆ ಕೆಲಸ ಮಾಡಿದವರು ಓಗಾವಾ ಎಂಬ ಹಿರಿಯ ತಂತ್ರಜ್ಞರು. ನನಗಿಂತಲೂ ಕಡಿಮೆ ಮಾತು. ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಮೊದಲು ಒಳಗೇ ಕಟ್ಟಿ, ಆಮೇಲೆ ಹೊರಗಿಡುವವರು. ಅವರ ಬಳಿ ಹುಳು ತಡೆಯುವ ಒಂದು ಸ್ಥಳೀಯ ತಳಿ ಇತ್ತು. ಅದರ ಗುಣ ಎಲೆಯ ಒಳಗಿನ ಕಹಿ: ಹುಳು ತಿನ್ನುತ್ತದೆ, ಆದರೆ ಬೆಳೆಯುವುದಿಲ್ಲ, ಸೊರಗುತ್ತದೆ. ಇಪ್ಪತ್ತು ವರ್ಷ ಅದರ ಮೇಲೆ ಕೆಲಸ ಮಾಡಿದವರು ಅವರು.

ಪರೀಕ್ಷೆ ಸರಳ. ಗಾಜಿನ ತಟ್ಟೆಯಲ್ಲಿ ಒಂದು ಕಡೆ ಹದಿನೇಳರ ಎಲೆಯ ದುಂಡನೆ ತುಂಡು, ಇನ್ನೊಂದು ಕಡೆ ಸಾಮಾನ್ಯ ತಳಿಯ ತುಂಡು, ನಡುವೆ ಆಗತಾನೇ ಮೊಟ್ಟೆಯೊಡೆದ ಮರಿಹುಳುಗಳು. ಎರಡು ದಿನ ಬಿಟ್ಟು ನೋಡಬೇಕು. ನಾನು ಕಳಿಸಿದ್ದ ಕೆಲಸದ ಹಾಳೆಯಲ್ಲಿ ಹದಿನಾಲ್ಕು ಹೆಜ್ಜೆಗಳಿದ್ದವು. ಓಗಾವಾ ಅದನ್ನು ಗೋಡೆಗೆ ಅಂಟಿಸಿದ್ದರು.

ನಾನು ಎಂಟೂವರೆಗೆ ಹೋಗುವಷ್ಟರಲ್ಲಿ ಅವರು ಎಲೆಗಳನ್ನು ಕಿತ್ತು, ಸಿದ್ಧಪಡಿಸಿ, ಮುಚ್ಚಿದ ಡಬ್ಬಿಯಲ್ಲಿ ಇಟ್ಟಿರುತ್ತಿದ್ದರು. ಅತಿಥಿಗೆ ಆ ಕೆಲಸ ಬಿಡಬಾರದೆಂದು. ನಾನು ಕತ್ತರಿಸಿ ತಟ್ಟೆಗಿಟ್ಟೆ, ಕುಂಚದ ತುದಿಯಿಂದ ಮರಿಗಳನ್ನು ಬಿಟ್ಟೆ.

ಮೂರನೆಯ ಬೆಳಿಗ್ಗೆ ಮುಚ್ಚಳ ತೆಗೆದೆ. ಎರಡೂ ಕಡೆ ಬಲೆ. ಹದಿನೇಳೂ ಬಲೆ.

ಓಗಾವಾ ಹಬೆಯಾಡುವ ಹಸಿರು ಚಹಾ ತಂದು ನನ್ನ ಪಕ್ಕ ಇಟ್ಟು, ಕಿಟಕಿಯ ಕಡೆ ತಿರುಗಿ ನಿಂತರು. ನನ್ನ ಮುಖ ನೋಡದಿರುವುದೇ ಅವರು ಮಾಡಬಹುದಾದ ಉಪಕಾರವಾಗಿತ್ತು. ನಾನು ಅಂಕಿಗಳನ್ನು ಬರೆದೆ. ಅವು ಎಂದಿನಂತೆ ನೆಟ್ಟಗೇ ಇದ್ದವು. ಅದು ಮಾತ್ರ ನನ್ನ ಕೈಯಲ್ಲಿತ್ತು.

ತಟ್ಟೆ ತೊಳೆಯಲು ಎತ್ತಿದಾಗ ಉಳಿದಿದ್ದ ಹದಿನೇಳರ ಎಲೆಯ ಒಂದು ಚೂರನ್ನು, ಯೋಚಿಸದೆ, ಬೆರಳಲ್ಲಿ ಉಜ್ಜಿದೆ. ಸಂತೆಯ ಅಭ್ಯಾಸ. ಎಲೆ ನುಣುಪಾಗಿತ್ತು.

ಹದಿನೇಳರ ಎಲೆ ನುಣುಪಲ್ಲ. ನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಸಲ ಮುಟ್ಟಿದ್ದೇನೋ. ಬೆಕ್ಕಿನ ನಾಲಿಗೆಯಂತೆ ಅದು ಬೆರಳನ್ನು ಹಿಡಿಯುತ್ತದೆ. ಗಿಡಗಳನ್ನು ಬೆಳೆಸಿದ್ದ ಗಾಜಿನಮನೆಗೆ ಹೋದೆ. ಓಡಲಿಲ್ಲ, ಆದರೆ ನಡೆದೆನೆಂದೂ ಹೇಳಲಾರೆ. ಕುಂಡದಲ್ಲಿದ್ದ ಹದಿನೇಳರ ಎಲೆಯನ್ನು ಉಜ್ಜಿದೆ. ಒರಟು. ಅದೇ ನನ್ನ ಗಿಡ. ಹಾಗಾದರೆ ಗಿಡದಿಂದ ತಟ್ಟೆಗೆ ಬರುವ ದಾರಿಯಲ್ಲಿ ಎಲೆಗೆ ಏನೋ ಆಗುತ್ತಿದೆ.

ನಲ್ಲಿಯ ಬಳಿ

ಮರುದಿನ ಏಳೂವರೆಗೇ ಹೋದೆ. ಓಗಾವಾ ಬೆನ್ನು ಹಾಕಿ ನಲ್ಲಿಯ ಮುಂದೆ ನಿಂತಿದ್ದರು. ಎದುರಿಗೆ ತುಸು ಸೋಪು ಬೆರೆಸಿದ ನೀರಿನ ಬೋಗುಣಿ. ಎಡಗೈ ಮೇಲೆ ಹದಿನೇಳರ ಎಲೆ. ಬಲಗೈಯಲ್ಲಿ ಮೆತ್ತನೆ ಬ್ರಷ್ಷು. ತೊಟ್ಟಿನಿಂದ ತುದಿಗೆ, ತೊಟ್ಟಿನಿಂದ ತುದಿಗೆ, ಕೂಸಿನ ತಲೆ ಬಾಚುವಷ್ಟು ಮೃದುವಾಗಿ. ಆಮೇಲೆ ತಿಳಿನೀರಲ್ಲಿ ಅದ್ದಿ, ಎರಡು ಕಾಗದದ ನಡುವೆ ಇಟ್ಟು ಅಂಗೈಯಿಂದ ಒತ್ತಿದರು.

ನನಗೆ ಬೆಲ್ಲ ನೆನಪಾಯಿತು. ಬೆಲ್ಲಕ್ಕೆ ಸುಮ್ಮನಿದ್ದೆ. ಎಲೆಗೆ ಸುಮ್ಮನಿರಲು ಆಗಲಿಲ್ಲ.

“ಓಗಾವಾ ಸಾನ್, ದಯವಿಟ್ಟು ನಿಲ್ಲಿಸಿ.”

ಕೋಣೆಗೆ ನನ್ನ ದನಿ ಜೋರಾಯಿತು. ಅವರು ತಿರುಗಿದರು. ನಾನು ತೊಳೆದ ಎಲೆಯೊಂದನ್ನು, ಕುಂಡದಿಂದ ಕಿತ್ತು ತಂದ ಎಲೆಯೊಂದನ್ನು ಪಕ್ಕಪಕ್ಕ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಸ್ಟೂಲು ಬಿಟ್ಟು ಎದ್ದೆ. ಅವರು ಕೂತು ನೋಡಿದರು.

ತೊಳೆದ ಎಲೆಯಲ್ಲಿ ರೋಮಗಳು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಒಂದೇ ಕಡೆಗೆ ಮಲಗಿದ್ದವು, ಎಷ್ಟೋ ಬುಡದಲ್ಲೇ ಮುರಿದಿದ್ದವು. ತೊಳೆಯದ ಎಲೆಯಲ್ಲಿ ಅವು ರಾಗಿ ಕೊಯ್ದ ಹೊಲದ ಕೂಳೆಯಂತೆ ಒತ್ತಾಗಿ, ನೆಟ್ಟಗೆ ನಿಂತಿದ್ದವು. ಕೂಳೆ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಗೊತ್ತು, ನಾಲ್ಕು ಹೆಜ್ಜೆಗೇ ವಾಪಸು ಬರಬೇಕೆನಿಸುತ್ತದೆ. ಆಗತಾನೇ ಹುಟ್ಟಿದ ಹುಳುವಿನ ಪಾಡೂ ಅದೇ. ಓಗಾವಾ ಅವರ ತಳಿಯ ಶಕ್ತಿ ಎಲೆಯ ಒಳಗಿತ್ತು, ಎಷ್ಟು ತೊಳೆದರೂ ಹೋಗದು. ನನ್ನದರ ಶಕ್ತಿ ಹೊರಗೆ, ಬೇಲಿಯಂತೆ ನಿಂತಿತ್ತು. ನಾವು ಬೇಲಿ ಕಿತ್ತುಹಾಕಿ ದನ ನುಗ್ಗುತ್ತವೆಯೇ ಎಂದು ನೋಡುತ್ತಿದ್ದೆವು.

ಅವರು ಎರಡೂ ಎಲೆಗಳನ್ನು ಮತ್ತೆ ಮತ್ತೆ ಸರಿಸಿ ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ನನ್ನ ಹಾಳೆಯ ಹತ್ತಿರ ಹೋಗಿ, ಹದಿನಾಲ್ಕೂ ಹೆಜ್ಜೆಗಳ ಮೇಲೆ ಬೆರಳಾಡಿಸಿದರು.

“ತೊಳೆಯಬಾರದು ಎಂದು ಇಲ್ಲಿ ಇಲ್ಲ,” ಎಂದರು. ದೂರಲಿಲ್ಲ, ಇದ್ದದ್ದನ್ನು ಹೇಳಿದರು.

ನಿಜ. ತಪ್ಪು ನನ್ನದೇ. “ನಮ್ಮ ಕಡೆ ಯಾರೂ ತೊಳೆಯುವುದಿಲ್ಲ. ಬರೆಯಬೇಕು ಎಂದು ನನಗೆ ಹೊಳೆಯಲೇ ಇಲ್ಲ.”

ಅವರು ಯೋಚಿಸಿದರು. “ನಮ್ಮ ಕಡೆ ಎಲ್ಲರೂ ತೊಳೆಯುತ್ತಾರೆ. ಕೇಳಬೇಕು ಎಂದು ನನಗೂ ಹೊಳೆಯಲಿಲ್ಲ.”

ಅವರು ಬಾಗಿದರು. ನಾನು ಬಾಗಿದೆ. ನಾನು ಕೊನೆಯಲ್ಲಿ ಬಾಗಿದೆನೆಂದು ಅವರು ಮತ್ತೆ ಬಾಗಿದರು. ನಾಲ್ಕನೆಯ ಸುತ್ತಿಗೆ ಇಬ್ಬರಿಗೂ ನಗು ಬಂತು.

ಆಮೇಲೆ ಅವರು ನನಗೆ ಮಾಡಬಹುದಾದ ಅತ್ಯಂತ ದೊಡ್ಡ ಗೌರವ ಮಾಡಿದರು: ನನ್ನ ಮಾತನ್ನು ನಂಬಲಿಲ್ಲ. ಇಪ್ಪತ್ತು ತಟ್ಟೆ ತಂದರು. ಹತ್ತಕ್ಕೆ ಹದಿನೇಳರ ತೊಳೆದ ಎಲೆ, ಹತ್ತಕ್ಕೆ ತೊಳೆಯದ್ದು, ಎಲ್ಲದರಲ್ಲೂ ಎದುರಿಗೆ ಸಾಮಾನ್ಯ ತಳಿ. ಯಾವುದು ಯಾವುದೆಂದು ತಾವೊಬ್ಬರೇ ಬರೆದುಕೊಂಡು, ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ಸಹಿ ಹಾಕಿದರು. ತಟ್ಟೆಗಳನ್ನು ಕಲೆಸಿ ನನ್ನ ಕಡೆ ತಳ್ಳಿದರು. ನಾನು ಒಂದೊಂದಕ್ಕೂ ಕುಂಚದ ತುದಿಯಿಂದ ಹುಳು ಬಿಟ್ಟೆ.

ಮೂರನೆಯ ಬೆಳಿಗ್ಗೆ

ಮೊದಲ ತಟ್ಟೆ: ಎರಡೂ ಕಡೆ ಬಲೆ. ಎರಡನೆಯದು: ಬಲೆ.

ಮೂರನೆಯದರ ಮುಚ್ಚಳ ತೆಗೆದೆ. ಒಂದು ಕಡೆ ಬಲೆ. ಇನ್ನೊಂದು ಕಡೆ ಹಸಿರು ಬಿಲ್ಲೆ, ಇಡೀ ಬಿಲ್ಲೆ. ಮೊನ್ನೆ ಕತ್ತರಿಸಿಟ್ಟ ಹಾಗೇ. ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಅಂಚಿನಲ್ಲಿ ಗಸಗಸೆ ಕಾಳಿನಷ್ಟು ಒಂದು ತೂತು. ಒಂದೇ. ಮರಿಹುಳುಗಳೆಲ್ಲ ಬಲೆಯಾದ ಎಲೆಯ ಬದಿಯಲ್ಲಿ ಗುಂಪಾಗಿದ್ದವು.

ನಾನು ಇಪ್ಪತ್ತನ್ನೂ ನೋಡಿ ಬರೆದೆ. ಹಸಿರು ಉಳಿದವು ಹತ್ತು. ಓಗಾವಾ ಲಕೋಟೆ ಹರಿದರು. ನನ್ನ ಪಟ್ಟಿಯನ್ನೂ ತಮ್ಮ ಪಟ್ಟಿಯನ್ನೂ ಪಕ್ಕದಲ್ಲಿಟ್ಟು, ಒಂದೊಂದು ಸಾಲಿಗೂ ಪೆನ್ಸಿಲಿನ ಚುಕ್ಕಿ ಇಡುತ್ತಾ ಕೆಳಗಿಳಿದರು. ಪೆನ್ಸಿಲು ಎಲ್ಲೂ ನಿಲ್ಲಲಿಲ್ಲ. ಹತ್ತಕ್ಕೆ ಹತ್ತೂ ತೊಳೆಯದ ಎಲೆಗಳು.

ಅವರು ಕಪಾಟಿನಿಂದ ಹಳೆಯ ಕಡತ ತೆಗೆದರು. ಹಿಂದೆ ನಮಗೆ ಬರೆದ ಆ ಒಂದು ಸಾಲಿನ ಪ್ರತಿ ಅದರಲ್ಲಿತ್ತು. ಅಡಿಪಟ್ಟಿ ಇಟ್ಟು ಆ ಸಾಲಿನ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಹೊಸ ಫಲಿತಾಂಶ ಬರೆದು, ಜೇಬಿನಿಂದ ಕಡ್ಡಿಯಷ್ಟು ದಪ್ಪದ ಮೊಹರು ತೆಗೆದು, ಕೆಂಪು ಮಸಿಗೆ ಅದ್ದಿ, ಉಸಿರು ಬಿಗಿಹಿಡಿದು ಒತ್ತಿದರು. ದುಂಡನೆಯ ಕೆಂಪು ಗುರುತು. ಕುಂಕುಮದಷ್ಟೇ ಕೆಂಪು. ನಾನು ಅಂದು ಮೊದಲ ಸಲ ಕುರ್ಚಿಗೆ ಬೆನ್ನು ಒರಗಿಸಿ ಕೂತೆ.

ಅಲ್ಲಿ ಬೆಳಿಗ್ಗೆ ಒಂಬತ್ತೂವರೆ ಎಂದರೆ ಊರಲ್ಲಿ ಆರು, ಡೈರಿಗೆ ಹಾಲು ಹಾಕುವ ಹೊತ್ತು. ಅವ್ವನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ.

“ಏನು, ಎಲೇನ ತೊಳ್ದ್ಬುಡ್ತಿದ್ರಾ? ಬ್ರಸ್ಸಾಕಂಡು?” ಅವ್ವ ಹಾಲಿನ ಕ್ಯಾನು ಕೆಳಗಿಟ್ಟ ಸದ್ದು ಕೇಳಿಸಿತು. “ಅಯ್ಯೋ ಸಿವ್ನೆ! ತೊಳ್ದ್ರೆ ಸೊಗಡ್ ನಿಂತದಾ? ಅವರೆಕಾಯ್ನ ಯಾರಾರ ತೊಳ್ದು ಸುಲೀತಾರಾ? ಈ ಮಾತ್ ಏಳಕ್ಕೆ ಜಪಾನ್ ಗಂಟ ಓಗ್ಬೇಕಿತ್ತಾ? ನನ್ನ ಕೇಳಿದ್ರೆ ಇಲ್ಲೇ ಏಳ್ತಿರ್ನಿಲ್ವಾ?”

“ಕೇಳಬೇಕು ಅಂತ ಹೊಳೀಲಿಲ್ಲವ್ವ.”

“ಓದಿರೋರಿಗೆ ಅಂಗೇಯ,” ಎಂದಳು. ಆಮೇಲೆ ದನಿ ತಗ್ಗಿಸಿ, “ನಾನ್ ಏಳ್ನಿಲ್ವಾ, ತಿನ್ನಾಕಿಲ್ಲ ಬುಡು ಅಂತ.”

ಮಾರ್ಗದರ್ಶಕಿಗೆ ಕೆಂಪು ಮೊಹರಿನ ಹಾಳೆಯ ಫೋಟೊ ಕಳಿಸಿದೆ. ‘ಹದಿನೇಳು ಉಳಿಯಿತು. ತಳಿಗೊಂದು ಹೆಸರು ಯೋಚಿಸಿಕೊಂಡು ಬಾ’ ಎಂದು ಉತ್ತರ ಬಂತು. ಅಷ್ಟರಲ್ಲಿ ಮಾವನ ಫೋನು. ಅವ್ವ ಡೈರಿಯಿಂದಲೇ ಸುದ್ದಿ ಮುಟ್ಟಿಸಿದ್ದಳು.

“ಅಲ್ಲ ಕಣವ್ವ, ಮೊದ್ಲು ಕಂಡಿಡ್ದೋನು ನಾನು. ಆ ಜಪಾನ್ ಕಾಗ್ದದಲ್ಲಿ ನನ್ನೆಸ್ರು ಐತಾ ಇಲ್ವಾ?”

“ಇಲ್ಲ ಮಾವ.”

“ಓಗ್ಲಿ ಬುಡು. ಮುಂದ್ಲೊರ್ಸ ಎರಡ್ ಗುಂಟೆ ಸಾಲ್ದು. ನಾಲೆ ಕೆಳ್ಗ್ಳದು ಅರ್ಧ ಎಕ್ರೆ ಬುಡ್ತೀನಿ ಹಾಕು. ಔಸ್ದಿ ಹೊಡಿಯೋರು ಬಂದು ಬದಿನ್ ಮೇಲೆ ನಿಂತ್ಕಂಡು ನೋಡ್ಲಿ.”

ಮರುದಿನ ಬೆಳಿಗ್ಗೆ

ಉಪಾಹಾರಕ್ಕೆ ಕೂತಾಗ ತೊಮೊಕೊ ಎರಡನೆಯ ಅಚ್ಚು ಬೆಲ್ಲದ ಪೊಟ್ಟಣ ಬಿಚ್ಚಿ ನಲ್ಲಿಯ ಕಡೆ ತಿರುಗಿದರು. ನಾನು ಎದ್ದು ಹೋಗಿ ಅವರ ಕೈ ಮೇಲೆ ಕೈ ಇಟ್ಟೆ. ಮೊಬೈಲು ಬೇಕಾಗಲಿಲ್ಲ. ಅಂಚಿನಿಂದ ಒಂದು ಚೂರು ಮುರಿದು ಅವರ ಬಾಯಿಗಿಟ್ಟೆ, ಒಂದನ್ನು ನನ್ನ ಬಾಯಿಗೆ ಹಾಕಿಕೊಂಡೆ. ಅವರು ಕಣ್ಣು ಮುಚ್ಚಿ ಚಪ್ಪರಿಸಿದರು. ಆಮೇಲೆ ತಟ್ಟೆಯ ಮೇಲೆ ಸೋಪಿನಂತೆ ಕೂತಿದ್ದ ಮೊದಲನೆಯ ತುಂಡನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಯುವಷ್ಟು ನಕ್ಕರು.

ಕೇಂದ್ರದಲ್ಲಿ ಓಗಾವಾ ಒಂದು ಹೊಸ ಹಾಳೆ ಇಟ್ಟುಕೊಂಡು ಕಾದಿದ್ದರು. ಅವರ ಹಾಳೆಗಳಲ್ಲಿ ಪ್ರತಿ ಹೆಜ್ಜೆಯ ಪಕ್ಕದಲ್ಲೂ ಕಾರಣ ಬರೆಯುವ ಒಂದು ಅಂಕಣ ಇರುತ್ತದೆ. ಹದಿನಾಲ್ಕು ಹೆಜ್ಜೆಗಳನ್ನು ಹಾಗೇ ಬಿಟ್ಟು, ಎಲ್ಲಕ್ಕಿಂತ ಮೇಲೆ, ಸೊನ್ನೆ ಎಂಬ ಅಂಕಿ ಹಾಕಿ ಬರೆದೆ: ಎಲೆಯನ್ನು ತೊಳೆಯಬಾರದು. ಕಾರಣದ ಅಂಕಣದಲ್ಲಿ ರೋಮಗಳ ವಿಷಯ ಬರೆದು, ಕೆಳಗೆ ಉಳಿದಿದ್ದ ಸ್ವಲ್ಪ ಜಾಗದಲ್ಲಿ ಕನ್ನಡದಲ್ಲಿ ‘ನಮ್ಮವ್ವ’ ಎಂದು ಸೇರಿಸಿದೆ. ಅದು ಏನೆಂದು ಓಗಾವಾ ಕೇಳಿದರು. ಆಧಾರ ಎಂದೆ. ಅವರು ತಲೆದೂಗಿ, ಹಾಳೆಯನ್ನು ನಲ್ಲಿಯ ನೆತ್ತಿಯ ಮೇಲೆ ನೇರವಾಗಿ ಅಂಟಿಸಿದರು.

ನಾನು ಗಾಜಿನಮನೆಗೆ ಹೋಗಿ, ಹದಿನೇಳರ ಒಂದು ಗಿಡದಿಂದ ಎಲೆಯನ್ನು ತೊಟ್ಟು ಹಿಡಿದು ಕಿತ್ತೆ. ನಲ್ಲಿಯ ಮುಂದಿನಿಂದಲೇ ಹಾದು ಬಂದು, ಒಣ ತಟ್ಟೆಯಲ್ಲಿಟ್ಟು, ಮುಂದಿನ ಸುತ್ತಿನ ಪರೀಕ್ಷೆಗೆ ಹುಳು ಬಿಟ್ಟೆ.